ಬಾಲವಿರುವ ಕ್ಯಾಸೆಟ್

ನನ್ನ ಯಜಮಾನರ ಟ್ಯಾಕ್ಸಿ ಹತ್ತಿ ಇಳಿದವರೆಲ್ಲ ಅವರನ್ನು ದೇವರಂಥ ಮನುಷ್ಯ ಎನ್ನುತ್ತಿದ್ದರು. ಆ ದೇವರು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಹೇಗಿರುತ್ತಿದ್ದ ಎಂದು ನನ್ನನ್ನು ಕೇಳಬೇಕು. ಕಾಫಿ ಆರಿದರೆ ಕೋಪ, ಬಾಗಿಲು ಕಿರುಗುಟ್ಟಿದರೆ ಕೋಪ. ನಾನೂ ಬಾಯಿ ಕಟ್ಟಿಕೊಂಡು ಕೂರುವವಳಲ್ಲ, ಒಂದಕ್ಕೆರಡು ಹೇಳಿ ತೀರಿಸುತ್ತಿದ್ದೆ. ಮೂವತ್ತು ವರ್ಷ ಸಂಸಾರ ಹೀಗೇ ಚೆನ್ನಾಗಿ ನಡೆದಿತ್ತು.

ಕಳೆದ ವರ್ಷ ಅವರ ಕಣ್ಣಿನ ನರ ಸೋತಿತು. ಎದುರಿಗಿದ್ದದ್ದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಇನ್ನು ಗಾಡಿ ಓಡಿಸುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ ದಿನದಿಂದ ಅವರ ಕೋಪವೂ ಹೋಯಿತು. ಆರಿದ ಕಾಫಿಯನ್ನು ತುಟಿಪಿಟಕ್ಕೆನ್ನದೆ ಕುಡಿಯತೊಡಗಿದರು. ನನಗೆ ಭಯವಾದದ್ದು ಆಗ.

"ಗಾಡಿ ತಮ್ಮನಿಗೆ ಕೊಟ್ಟುಬಿಡೋಣ. ಭಾನುವಾರ ಬಂದು ತಗೊಂಡು ಹೋಗ್ತಾನಂತೆ" ಎಂದರು ಒಂದು ಸಂಜೆ.

"ಯಾಕೆ ಕೊಡಬೇಕು? ನಾನು ಓಡಿಸ್ತೀನಿ" ಎಂದೆ.

ನಾನು ಆಸ್ಪತ್ರೆಗೆ ಏಪ್ರನ್ ಹೊಲಿದುಕೊಡುವವಳು. ಹೊಲಿದು ಕಟ್ಟಿದ ಗಂಟುಗಳನ್ನು ಇವರೇ ನಸುಕಿನಲ್ಲಿ, ಆಸ್ಪತ್ರೆಗೆ ಹೋಗುವ ಮೊದಲ ಬಾಡಿಗೆಯವರ ಜೊತೆಗೇ, ಅಲ್ಲಿಗೆ ಮುಟ್ಟಿಸುತ್ತಿದ್ದರು. ಕಣ್ಣು ಹೋದ ಮೇಲೆ ನಾನು ಹಟ ಹಿಡಿದು ಡ್ರೈವಿಂಗ್ ಕ್ಲಾಸಿಗೆ ಸೇರಿದ್ದೆ. ಲೈಸೆನ್ಸ್ ಕೈಗೆ ಬಂದಿತ್ತು, ಧೈರ್ಯ ಬಂದಿರಲಿಲ್ಲ.

ಅವರು ಗಾಡಿಯ ಕೀ ತೆಗೆದು ನನ್ನ ಮುಂದಿಟ್ಟರು. "ಸರಿ. ಭಾನುವಾರದೊಳಗೆ ಒಬ್ಬಳೇ ಆಸ್ಪತ್ರೆಗೆ ಹೋಗಿ, ಗಾಡಿಗೆ ಒಂದು ಗೀರೂ ಬೀಳದ ಹಾಗೆ ವಾಪಸ್ ತಗೊಂಡು ಬಾ. ತಂದ್ರೆ ಗಾಡಿ ನಮ್ಮನೇಲಿರತ್ತೆ. ಇಲ್ಲಾಂದ್ರೆ ತಮ್ಮನ ಮನೇಲಿರತ್ತೆ."

ಗಾಡಿ ಹೋದರೆ ಈ ಮನುಷ್ಯ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೇ ಒಪ್ಪಿದೆ.

ಮಾರನೆಯ ದಿನ ಪಕ್ಕದಲ್ಲಿ ಕೂತು ಕಲಿಸಲು ಬಂದರು. ಬೀದಿ ತುದಿ ಮುಟ್ಟುವುದರೊಳಗೆ ಅವರು ಗಾಬರಿಯಲ್ಲಿ ಕೂಗಿ, ನಾನು ಬೈದು, ಇಬ್ಬರ ದನಿಯೂ ಬಿದ್ದುಹೋಯಿತು. ಅವರು ತಮ್ಮ ಕಡೆ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲಡಿಯ ಮ್ಯಾಟನ್ನೇ ಹರಿದರು. ನಾನು ಗಾಡಿಯನ್ನು ರಸ್ತೆ ಮಧ್ಯೆ ನಿಲ್ಲಿಸಿ ಇಳಿದು ನಡೆದುಬಿಟ್ಟೆ. ಪಕ್ಕದ ಮನೆಯವರು ಬಂದು ಗಾಡಿ ಒಳಗೆ ತಂದರು.

ಜಗಳ ಬಿಡಿಸಿದವಳು ಮಗಳು. ತಾನು ಕಾಲೇಜಿನಲ್ಲಿದ್ದಾಗ ಹಾಡು ಕೇಳುತ್ತಿದ್ದ ಬೆಂಕಿಪೊಟ್ಟಣದಷ್ಟು ಪ್ಲೇಯರನ್ನು ತಂದಳು. ಅದರಲ್ಲಿ ಮಾತನ್ನೂ ರೆಕಾರ್ಡ್ ಮಾಡಬಹುದಂತೆ. ಜೊತೆಗೆ ಒಂದು ವಿಚಿತ್ರ ಕ್ಯಾಸೆಟ್. ಅದಕ್ಕೆ ಇಲಿಗಿರುವ ಹಾಗೆ ಉದ್ದನೆಯ ಬಾಲ. ಕ್ಯಾಸೆಟ್ಟನ್ನು ಕಾರಿನ ಹಳೆಯ ಸ್ಟೀರಿಯೋಗೆ ತುರುಕಿ, ಬಾಲದ ತುದಿಯನ್ನು ಪ್ಲೇಯರಿಗೆ ಚುಚ್ಚಿದರೆ, ಅದರೊಳಗಿನದೆಲ್ಲ ಕಾರಿನ ಸ್ಪೀಕರಿನಲ್ಲಿ ಕೇಳುತ್ತದೆ.

"ಅಪ್ಪ, ಹೇಳೋದನ್ನೆಲ್ಲ ಇದರಲ್ಲಿ ಹೇಳಿಡಿ. ಅಮ್ಮ ಗಾಡೀಲಿ ಹಾಕ್ಕೊಂಡು ಕೇಳ್ಲಿ. ಕೂಗೋಕೆ ನೀವು ಗಾಡೀಲಿರಲ್ಲ, ಬೈಯೋಕೆ ಅಮ್ಮ ಎದುರಿಗಿರಲ್ಲ" ಎಂದಳು. ಒತ್ತಬೇಕಾದ ಗುಂಡಿಯ ಮೇಲೆ ಅವರ ಬೆರಳಿಟ್ಟು ತೋರಿಸಿದಳು.

ಅವರು ಪ್ಲೇಯರ್ ಹಿಡಿದು ಶೆಡ್ಡಿಗೆ ಹೋಗಿ, ನಿಂತ ಗಾಡಿಯ ಡ್ರೈವರ್ ಸೀಟಿನಲ್ಲಿ ಕೂತು ಗಾಜು ಏರಿಸಿಕೊಂಡರು. ಅಡುಗೆಮನೆ ಕಿಟಕಿಯಿಂದ ನೋಡಿದೆ. ಕಣ್ಣು ಮುಚ್ಚಿದ್ದವು, ಕೈ ಸ್ಟೇರಿಂಗಿನ ಮೇಲಿತ್ತು, ತುಟಿ ಆಡುತ್ತಿತ್ತು. ಗೇರು ಬದಲಿಸುವಾಗ ಭುಜವೂ ಅಲುಗುತ್ತಿತ್ತು. ಬೇಗ ಹೊರಗೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಗಂಟುಗಳನ್ನು ಡಿಕ್ಕಿಗೆ ಹಾಕಿ ಹೊರಟೆ. ಬಾಲದ ಕ್ಯಾಸೆಟ್ ತುರುಕಿ ಗುಂಡಿ ಒತ್ತಿದರೆ ದನಿ ಬಂದದ್ದು ಬೆನ್ನ ಹಿಂದಿನಿಂದ. ಟ್ಯಾಕ್ಸಿಯಲ್ಲವೇ, ಸ್ಪೀಕರುಗಳೆಲ್ಲ ಹಿಂದಿನ ಸೀಟಿನವರಿಗೆ.

"ನಮಸ್ಕಾರ. ಬೆಲ್ಟ್ ಹಾಕ್ಕೊಳ್ಳಿ. ಕನ್ನಡಿ ಸರಿ ಮಾಡ್ಕೊಳ್ಳಿ. ನಿಧಾನವಾಗಿ ಕ್ಲಚ್ ಬಿಡಿ, ಏನೂ ಅವಸರ ಇಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಕಟ್ಟಿಕೊಂಡ ಹೆಂಡತಿಗೆ ಬಹುವಚನ! ಜನ ಹೇಳುತ್ತಿದ್ದ ದೇವರಂಥ ಮನುಷ್ಯ ಇವನೇ ಇರಬೇಕು. ಇಷ್ಟು ವರ್ಷದಲ್ಲಿ ಅವನ ಟ್ಯಾಕ್ಸಿಯನ್ನು ನಾನು ಬಾಡಿಗೆಗೆ ಹತ್ತಿರಲಿಲ್ಲ, ಅದಕ್ಕೇ ಭೇಟಿಯಾಗಿರಲಿಲ್ಲ.

ಮೊದಲ ತಿರುವಿನವರೆಗೆ ದನಿಯೂ ನಾನೂ ಜೊತೆಯಲ್ಲೇ ಇದ್ದೆವು. ದೊಡ್ಡ ರಸ್ತೆ ಸೇರಿದ ಮೇಲೆ ಎಡವಟ್ಟಾಯಿತು. "ಇಲ್ಲಿ ಸಿಗ್ನಲ್ ಬರೀ ಹಳದಿ ಮಿಣುಕ್ತಿರತ್ತೆ, ಎರಡೂ ಕಡೆ ನೋಡ್ಕೊಂಡು ಹೋಗಿ" ಎಂದಿತು ದನಿ. ನನ್ನೆದುರು ಕೆಂಪು ದೀಪ, ಅದರ ಮುಂದೆ ಬಸ್ಸು ಲಾರಿಗಳ ಜಾತ್ರೆ. "ಈಗ ನಾಲ್ಕನೇ ಗೇರ್. ರಸ್ತೆ ಪೂರ್ತಿ ನಮ್ಮದೇ" ಎಂದಿತು. ನಾನು ನ್ಯೂಟ್ರಲ್ಲಿನಲ್ಲಿ ನಿಂತು ಬೆವರೊರೆಸಿಕೊಳ್ಳುತ್ತಿದ್ದೆ.

ಆಮೇಲೆ ಹೊಳೆಯಿತು. ಈ ಮಹಾರಾಯರು ಆಸ್ಪತ್ರೆ ದಾರಿಯಲ್ಲಿ ಹೋಗುತ್ತಿದ್ದದ್ದು ನಸುಕಿನಲ್ಲಿ. ಶೆಡ್ಡಿನಲ್ಲಿ ಕಣ್ಣು ಮುಚ್ಚಿ ಗಾಡಿ ಓಡಿಸಿದ್ದೂ ಆ ಖಾಲಿ ರಸ್ತೆಯಲ್ಲೇ. ಹತ್ತು ಗಂಟೆಯ ಊರನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆಫ್ ಮಾಡೋಣವೆಂದರೆ ಎರಡೂ ಕೈ ಸ್ಟೇರಿಂಗಿಗೆ ಅಂಟಿಹೋಗಿದ್ದವು. ಯಾರಾದರೂ ಮಾತಾಡುತ್ತಿರಲಿ ಎಂದು ಬಿಟ್ಟೆ.

ನಾನು ಸೇತುವೆಯ ಮೇಲೆ ಲಾರಿಯೊಂದರ ಹಿಂದೆ ತೆವಳುತ್ತಿದ್ದಾಗ ದನಿ ಆಸ್ಪತ್ರೆ ಮುಟ್ಟಿತು. "ಬಂತು. ಹ್ಯಾಂಡ್‌ಬ್ರೇಕ್ ಹಾಕಿ. ಇಳಿಯೋವಾಗ ಹಿಂದೆ ನೋಡಿ ಬಾಗಿಲು ತೆಗೀರಿ. ನಮಸ್ಕಾರ."

ಪಾಠ ಮುಗಿಯಿತು ಎಂದುಕೊಂಡೆ. ಆದರೆ ಸ್ಪೀಕರು ಸುಮ್ಮನಾಗಲಿಲ್ಲ, ಉಸಿರಾಟ ಕೇಳುತ್ತಿತ್ತು. ರೆಕಾರ್ಡ್ ನಿಲ್ಲಿಸುವ ಗುಂಡಿ ಅವರಿಗೆ ಕಂಡಿರಲಿಲ್ಲ. ಆಮೇಲೆ ಡ್ಯಾಶ್‌ಬೋರ್ಡನ್ನು ಮೆಲ್ಲಗೆ ತಟ್ಟಿದ ಸದ್ದು. ದೇವರಂಥ ಮನುಷ್ಯನ ದನಿ ಹೋಗಿ, ನನ್ನ ಗಂಡನ ದನಿ ಬಂತು. ಮಾತು ನನ್ನ ಜೊತೆಯಲ್ಲ, ಗಾಡಿಯ ಜೊತೆ.

"ನೋಡಮ್ಮ, ನನ್ನ ಕೈಲಿ ಇಷ್ಟೇ. ಇನ್ಮೇಲೆ ಅವಳು ಹೇಳಿದ ಹಾಗೆ ಕೇಳು. ಮೊದಮೊದಲು ಗೇರು ಕಿರ್ರೆನ್ನಿಸ್ತಾಳೆ, ತಡ್ಕೊ. ಬಾಯಿ ಜೋರು, ಕೈ ಮೆತ್ತಗೆ. ನನ್ನನ್ನೇ ಇಷ್ಟು ವರ್ಷ ನಡೆಸಿದಾಳೆ, ನಿನ್ನ ನಡೆಸಲ್ವಾ? ತಮ್ಮನ ಮನೆಗೆ ಮಾತ್ರ ಹೋಗ್ಬೇಡ. ನೀನೂ ಹೋದ್ರೆ ನಾನು ಬೆಳಿಗ್ಗೆ ಯಾಕೆ ಏಳಲಿ?"

ಲಾರಿ ಮುಂದೆ ಹೋಗಿತ್ತು. ಹಿಂದಿನವರು ಹಾರ್ನ್ ಬಾರಿಸುತ್ತಿದ್ದರು. ನನಗೆ ರಸ್ತೆಯೇ ಕಾಣದಷ್ಟು ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಮೊದಲ ಗೇರು ಹಾಕಿದೆ. ಅದು ಕಿರ್ರೆನ್ನಲಿಲ್ಲ.

ಆಸ್ಪತ್ರೆಯ ಸ್ಟೋರಿನಲ್ಲಿ ಗಂಟು ಇಳಿಸಿ ಬಂದು ಪ್ಲೇಯರಿನಲ್ಲಿ ಹುಡುಕಿದರೆ ವಾಪಸ್ ಬರುವ ಪಾಠವೇ ಇರಲಿಲ್ಲ. ಬೈದುಕೊಂಡೇ ಗಾಡಿ ತಿರುಗಿಸಿದೆ. ಬೈಯುತ್ತ ಓಡಿಸಿದರೆ ನನಗೆ ಭಯವಾಗುವುದಿಲ್ಲ ಎಂದು ಅವತ್ತು ತಿಳಿಯಿತು.

ಅವರು ಗೇಟಿನ ಹತ್ತಿರ ನಿಂತಿದ್ದರು. ಗಾಡಿ ನಿಂತ ಕೂಡಲೇ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಪಕ್ಕದ್ದು ಕಣ್ಣಿಗೆ ಕಾಣದಲ್ಲ, ಅಂಗೈಯಲ್ಲಿ ಸವರಿ ಗೀರು ಹುಡುಕುತ್ತಿದ್ದರು. ಹಿಂದಿನ ಬಾಗಿಲ ಹತ್ತಿರ ಕೈ ನಿಂತಿತು.

"ಇದು ನಂದೇ. ಹಳೇದು" ಎಂದರು.

"ವಾಪಸ್ ಬರೋ ದಾರಿ ಯಾಕ್ರೀ ಹೇಳಿಲ್ಲ?"

"ವಾಪಸ್ ಬರೋವಾಗ ಗಾಡೀಲಿ ಯಾರೂ ಇರ್ತಿರಲಿಲ್ಲ ಕಣೇ. ಮಾತಾಡಿ ಅಭ್ಯಾಸ ಇಲ್ಲ." ಆಮೇಲೆ ಮುಖ ಬೇರೆ ಕಡೆ ತಿರುಗಿಸಿ ಕೇಳಿದರು: "ಪೂರ್ತಿ ಕೇಳಿದ್ಯಾ?"

"ಬಂತು ಅಂದ ಮೇಲೆ ಯಾರು ಕೇಳ್ತಾರೆ? ಅಲ್ಲೇ ಆಫ್ ಮಾಡ್ದೆ" ಎಂದೆ.

ಅವರು ಉಸಿರುಬಿಟ್ಟರು. ಜೇಬಿನಿಂದ ಫೋನ್ ತೆಗೆದು, ಮುಖದ ಎದುರು ನೇರ ಹಿಡಿದು, ತಮ್ಮನ ನಂಬರ್ ಒತ್ತಿದರು.

"ನಾಳೆ ಬಾ, ಮನೆಮಂದಿಯೆಲ್ಲ ಊಟಕ್ಕೆ ಬನ್ನಿ. ಆದ್ರೆ ಬಸ್ಸಲ್ಲೇ ವಾಪಸ್ ಹೋಗೋ ಹಾಗೆ ಬನ್ನಿ" ಎಂದರು. ಆ ಕಡೆಯಿಂದ ಏನೋ ಕೇಳಿದ ಹಾಗಾಯಿತು. ಇವರ ದನಿ ಏರಿತು, ವರ್ಷದಿಂದ ನಾನು ಕೇಳದಿದ್ದ ಆ ಮೂಗಿನ ತುದಿಯ ಕೋಪ ಅದರಲ್ಲಿತ್ತು. "ಎಷ್ಟು ಸಲ ಹೇಳ್ಬೇಕೋ ನಿಂಗೆ? ಗಾಡಿ ಕೊಡಕ್ಕಾಗಲ್ಲ. ಡ್ಯೂಟೀಲಿದೆ!"