ರೊಟ್ಟಿ ಸಾಲಿನ ಗಣಿತ

"ರೊಟ್ಟಿಗೆ ಸಾಲು ನಿಲ್ಲೋದು ಗಣಿತ ಅಲ್ಲ ಮಗಳೇ," ಎಂದು ಗಣಿತದ ಪ್ರೊಫೆಸರ್ ಡಾಕ್ಟರ್ ಶೌಕಿ ನೆರ್ಮೀನಳ ಹಾಳೆಯನ್ನು ಮೇಜಿನಾಚೆಗೆ ತಳ್ಳಿದರು. "ಸೆಮಿನಾರಿಗೆ ಎಲ್ಲರಿಗೂ ಹಿಡಿಸೋ ವಿಷಯ ಆರಿಸ್ಕೊಳ್ಳಿ ಅಂದೆ. ಅಡುಗೆಮನೆ ವಿಷಯ ತನ್ನಿ ಅಂದ್ನಾ?"

"ನಮ್ಮ ಶುಬ್ರಾ ಬಡಾವಣೆಯಲ್ಲಿ ಅಗ್ಗದ ಸರ್ಕಾರಿ ರೊಟ್ಟಿ ಅಂಗಡಿಗೆ ಒಂದೇ ಕಿಟಕಿ, ಡಾಕ್ಟ್ರೇ. ಗಂಡಸರದೊಂದು ಸಾಲು, ಹೆಂಗಸರದೊಂದು. ಈ ಕಡೆಯಿಂದ ಒಬ್ರಿಗೆ, ಆ ಕಡೆಯಿಂದ ಒಬ್ರಿಗೆ ಅಂತ ಕೊಡ್ತಾರೆ."

"ಸಮ ಸಮ. ನ್ಯಾಯವಾಗೇ ಇದೆಯಲ್ಲ."

"ಹೆಂಗಸರ ಸಾಲು ಮೂರು ಪಟ್ಟು ಉದ್ದ. ನಮ್ಮಮ್ಮ ಮೂರು ಪಟ್ಟು ಹೊತ್ತು ನಿಲ್ತಾಳೆ. ಆಮೇಲೆ ಬಂದ ಗಂಡಸರು ಮೊದಲೇ ತಗೊಂಡು ಹೋಗ್ತಾರೆ. ಅದನ್ನೇ ಬೋರ್ಡ್ ಮೇಲೆ..."

"ಅದು ಸಮಾಜದ ಗೋಳು. ಟೀವಿಯವರಿಗೆ ಹೇಳು." ಅವರು ಅವಳ ಶೀರ್ಷಿಕೆಯ ಮೇಲೆ ಕೆಂಪು ಗೀಟೆಳೆದು, ಕೆಳಗೆ 'ಅವಿಭಾಜ್ಯ ಸಂಖ್ಯೆಗಳ ಗುಣಗಳು' ಎಂದು ಬರೆದರು. ಪ್ರತಿ ವರ್ಷವೂ ಯಾರಾದರೊಬ್ಬರ ತಲೆಗೆ ಕಟ್ಟುವ ವಿಷಯ ಅದು. ಹೋದ ವರ್ಷ ಅದಕ್ಕೆ ಅರ್ಧ ಸಭಾಂಗಣ ನಿದ್ದೆ ಹೊಡೆದಿತ್ತು.

ಹೊರಗೆ ಗೋಡೆಗೊರಗಿ ವಗ್ದಿ ಕಾಯುತ್ತಿದ್ದ. ತರಗತಿಯ ಬೆರಳೆಣಿಕೆಯ ಹುಡುಗರಲ್ಲಿ ಒಬ್ಬ. ಉಸಿರಾಡುವುದೂ ಅವನಿಗೆ ಸಿನಿಮಾ ದೃಶ್ಯವೇ.

"ನನ್ನ ಪೆನಾಲ್ಟಿ ಕಿಕ್ ವಿಷಯ ಪಾಸ್ ಆಯ್ತು ಕಣೇ. 'ಭೇಷ್ ಹುಲಿ' ಅಂದ್ರು."

"ಚೆಂಡು ಒದ್ರೆ ಗಣಿತ. ರೊಟ್ಟಿಗೆ ನಿಂತ್ರೆ ಗೋಳು." ನೆರ್ಮೀನಳ ಕೈಯಲ್ಲಿ ಹಾಳೆ ಮುದ್ದೆಯಾಗಿತ್ತು. ಹೋದ ವಾರ ಅಮ್ಮನ ಸರದಿ ಬರುವಷ್ಟರಲ್ಲಿ ರೊಟ್ಟಿ ಮುಗಿದು ಕಿಟಕಿ ಮುಚ್ಚಿತ್ತು. ಬರಿಗೈಯಲ್ಲಿ ಬಂದ ಅಮ್ಮ, ಏನು ಮಾಡೋಕಾಗತ್ತೆ, ಎಲ್ಲರಿಗೂ ಸಮ ಅಲ್ವಾ ಎಂದಿದ್ದಳು. ನೆರ್ಮೀನಳನ್ನು ಚುಚ್ಚಿದ್ದು ಹಸಿವಲ್ಲ, ಆ ಮಾತು.

"ಈ ಸೀನಲ್ಲಿ ಹೀರೋಯಿನ್ ಅಳಬೇಕು," ಎಂದ ವಗ್ದಿ.

"ಮುಚ್ಚು ಬಾಯಿ. ಸೆಮಿನಾರಿಗೆ ಮುಂಚೆ ಚಹಾ ಕೊಡ್ತಾರಲ್ಲ, ಹೆಂಗೆ ಹಂಚೋದು ಅಂತ ನಾನು ಹೇಳ್ತೀನಿ. ಆಕ್ಟಿಂಗ್ ನೀನು ಮಾಡು."

ಸೆಮಿನಾರಿನ ದಿನ, ಕಾಲೇಜಿನಲ್ಲಿ ಚಹಾ ಕೊಡುವ ಬೈಯೂಮಿ ಚಿಕ್ಕಪ್ಪನ ಮೇಜಿನ ಮೇಲೆ ಎರಡು ರಟ್ಟುಗಳಿದ್ದವು. ಒಂದರ ಮೇಲೆ 'ಶುದ್ಧ ಗಣಿತ', ಇನ್ನೊಂದರ ಮೇಲೆ 'ಬೀದಿ ಗಣಿತ' ಎಂದು ನೆರ್ಮೀನಳ ಅಕ್ಷರ. ಹುಡುಗಿಯರೆಲ್ಲ ಶುದ್ಧ ಗಣಿತದ ಮುಂದೆ ಉದ್ದಕ್ಕೆ ನಿಂತಿದ್ದರು. ಅದನ್ನು ಕಂಡು ಡಾಕ್ಟರ್ ಶೌಕಿಗೆ ಹೆಮ್ಮೆಯೇ ಆಯಿತು. ತಾವೂ ಹೋಗಿ ಅದರ ಕೊನೆಯಲ್ಲಿ ನಿಂತರು. ಎಂದಿನಂತೆ ಅವರಿಗೆ ಜಾಗ ಬಿಟ್ಟುಕೊಡಲು ಹಿಂದಕ್ಕೆ ತಿರುಗಿದ ಒಬ್ಬಳನ್ನು ಪಕ್ಕದವಳು ಚಿವುಟಿದಳು.

ಬೀದಿ ಗಣಿತದ ಮುಂದೆ ವಗ್ದಿ ಮತ್ತು ಅವನ ಇಬ್ಬರು ಗೆಳೆಯರು ಮಾತ್ರ. ಬೈಯೂಮಿ ಆ ಕಡೆಗೊಂದು, ಈ ಕಡೆಗೊಂದು ಗ್ಲಾಸು ಕೊಡುತ್ತಿದ್ದ. ವಗ್ದಿ ಪುದೀನ ಚಹಾ ಹೀರಿ, ಮೀಸೆ ಒರೆಸಿಕೊಂಡು, ಮತ್ತೆ ಸಾಲಿಗೆ ಬಂದು ನಿಲ್ಲುತ್ತಿದ್ದ.

"ಏನಯ್ಯಾ, ಎಷ್ಟನೇ ಗ್ಲಾಸು ಅದು?" ಎಂದರು ಡಾಕ್ಟರ್ ಶೌಕಿ.

"ಡಾಕ್ಟ್ರೇ, ನಾನು ಸಾಲಲ್ಲೇ ಬರ್ತಿದೀನಿ. ನುಗ್ಗೋನಲ್ಲ ಈ ವಗ್ದಿ."

"ಬೈಯೂಮಿ, ಏನು ನಡೀತಿದೆ ಇಲ್ಲಿ?"

"ಈ ಕಡೆಯಿಂದ ಒಬ್ರು, ಆ ಕಡೆಯಿಂದ ಒಬ್ರು, ಸಾಹೇಬ್ರೇ. ಸಮ ಸಮ."

ಚಹಾ ಪಾತ್ರೆಯ ತಳದಲ್ಲಿ ಸೌಟು ಕೆರೆಯುವ ಸದ್ದು ಕೇಳಿಸಿತು. ಡಾಕ್ಟರ್ ಶೌಕಿಯ ಕತ್ತು ಕೆಂಪಾಯಿತು. "ಯಾವ ಸೀಮೆ ಸಮ ಇದು? ಇಲ್ಲಿ ಇಷ್ಟು ಜನ ಒಣಗ್ತಾ ನಿಂತಿದೀವಿ, ಅಲ್ಲಿ ಮೂರೇ ಜನ. ಇದು ಅನ್ಯಾಯ."

ಸಭಾಂಗಣದ ಬಾಗಿಲಲ್ಲಿ ನೆರ್ಮೀನ್ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಅವಳ ಹಿಂದೆ ಕಪ್ಪುಹಲಗೆ ಖಾಲಿಯಿತ್ತು.

"ಎಷ್ಟು ಅನ್ಯಾಯ, ಡಾಕ್ಟ್ರೇ?" ಎಂದು ಕೇಳಿದಳು.

ಅವರು ಕತ್ತು ಚಾಚಿದರು. ಮುಂದಿದ್ದ ತಲೆಗಳನ್ನು ನೋಡಿದರು, ಪಕ್ಕದ ಸಾಲನ್ನು ನೋಡಿದರು. ತುಟಿ ಮೆಲ್ಲಗೆ ಅಲ್ಲಾಡತೊಡಗಿತು. ತೋರುಬೆರಳು ಎದೆಯ ಬಳಿ ಗಾಳಿಯಲ್ಲೇ ಒಂದೊಂದು ತಲೆಯನ್ನು ಮುಟ್ಟುತ್ತಾ ಹೋಯಿತು. ಅಷ್ಟರಲ್ಲಿ ವಗ್ದಿ ಖಾಲಿ ಗ್ಲಾಸಿನೊಂದಿಗೆ ಮತ್ತೆ ತನ್ನ ಸಾಲಿನ ಕೊನೆಗೆ ಬಂದು ನಿಂತ. ಬೆರಳು ತಡೆದು ನಿಂತಿತು, ಮತ್ತೆ ಮೊದಲ ತಲೆಗೆ ಹಿಂದಿರುಗಿತು.