ಹದಿಮೂರನೆಯ ಬಡಿತ

ಬಸ್ಸಿನ ಕಿಟಕಿಯ ಗಾಜಿನಲ್ಲಿ ಸಂಜೆಬಿಸಿಲು ಕುಲುಕುತ್ತಿದೆ, ಮುಂದಿನ ಸೀಟಿನ ರೆಕ್ಸಿನ್ ಹರಿದು ಹಳದಿ ಸ್ಪಂಜು ಇಣುಕುತ್ತಿದೆ, ಅದನ್ನು ಒಳಕ್ಕೆ ಒತ್ತುವ ನೆಪದಲ್ಲಿ ಅವನು ಪಕ್ಕದಲ್ಲಿ ಕೂತ ಅಪ್ಪನ ಮುಖ ನೋಡುವುದನ್ನು ತಪ್ಪಿಸಿಕೊಳ್ಳುತ್ತಿದ್ದಾನೆ, ಹೇಳದೆ ಕೇಳದೆ ಅವನ ಪ್ರದರ್ಶನಕ್ಕೆ ಬಂದುಬಿಟ್ಟರಲ್ಲ, ಇಸ್ತ್ರಿ ಅಂಗಿ ಹಾಕಿಕೊಂಡು, ತಾವೇ ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡು, ಅದೂ ಕ್ಯಾಮೆರಾ ಇಟ್ಟು ಚಿತ್ರೀಕರಿಸುವ ದಿನವೇ — ಆರು ವರ್ಷದಿಂದ ಏನೇನೋ ಹೇಳಿ ಸಾಗಹಾಕುತ್ತಿದ್ದ, ನಿಮಗೆ ಹಿಡಿಸಲ್ಲ ಅಪ್ಪಾ, ಬರೀ ಹುಡುಗರ ಹರಟೆ, ಮೈಕಿನ ಸದ್ದಿಗೆ ತಲೆ ನೋಯುತ್ತೆ — ಯಾಕೆಂದರೆ ಅವನು ಒಬ್ಬನೇ ನಿಂತು ಜನರನ್ನು ನಗಿಸುವ ಆ ಪ್ರದರ್ಶನದ ಹೆಸರೇ ಕಪಾಳಮೋಕ್ಷ, ಅದರಲ್ಲಿ ಹೊಡೆಯುವವರು ಅಪ್ಪ, ಮತ್ತು ಅಪ್ಪ ಅವನ ಮೇಲೆ ಯಾವತ್ತೂ ಕೈ ಎತ್ತಿದವರಲ್ಲ.

ನಿಜವಾಗಿ ಆದದ್ದು ಇಷ್ಟೇ, ಗಡಿಯಾರ ರಿಪೇರಿಯ ಆ ಗೂಡಿನಂಥ ಅಂಗಡಿ, ಅಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತುತ್ತಿದ್ದರು, ಅವನು ಹೇಳಿದ್ದ, ಅಪ್ಪಾ, ನಾನು ಹುಡುಗೀನ ಮದುವೆ ಆಗಲ್ಲ, ನಂಗೆ ಒಬ್ಬ ಹುಡುಗ ಇಷ್ಟ, ಸ್ಪ್ರಿಂಗು ಹೋಗಿ ತನ್ನ ಜಾಗದಲ್ಲಿ ಕೂತಿತು, ಆಮೇಲೆ ಕೇಳಿದರು, ಟೈಮಿಗೆ ಸರಿಯಾಗಿ ಬರೋ ಹುಡುಗನಾ — ಅಷ್ಟೇ, ದೇವರಾಣೆ ಅಷ್ಟೇ. ಅದನ್ನು ಇದ್ದಹಾಗೇ ಹೇಳಿದ್ದ ಮೊದಲ ಸಲ, ಬಟ್ಟೆಯಂಗಡಿಯ ಮಹಡಿಯ ಕೋಣೆ, ಹನ್ನೆರಡು ಜನ, ಯಾರೂ ನಗಲಿಲ್ಲ, ಒಬ್ಬ ಆಕಳಿಸಿದ, ಮುಂದಿನ ವಾರ ಬಾಯಿತಪ್ಪಿ — ಬಾಯಿತಪ್ಪಿ ಏನೂ ಅಲ್ಲ, ಕನ್ನಡಿಯ ಮುಂದೆ ನಿಂತು ಮೂರು ದಿನ ಅಭ್ಯಾಸ ಮಾಡಿ — ಗೋಡೆ ಗಡಿಯಾರ ಹನ್ನೆರಡು ಬಡೀತು, ಹದಿಮೂರನೇದು ನಮ್ಮಪ್ಪ ಬಡಿದ್ರು, ಎಂದು ಮೈಕನ್ನು ಕೆನ್ನೆಗೆ ಫಟಾರನೆ ಬಡಿದುಕೊಂಡ, ಜನ ಬಿದ್ದು ಬಿದ್ದು ನಕ್ಕರು, ಅವನಂಥವನು ಎಂದರೆ ಮನೆಯಲ್ಲಿ ಏಟು ತಿಂದೇ ಬಂದಿರಬೇಕು, ಅದು ಅವರಿಗೆ ಬೇಕಿತ್ತು, ಅವನು ಕೊಟ್ಟ, ಊರೂರು ತಿರುಗಿ ಕೊಟ್ಟ. ಜೊತೆಗೆ ಬಾಳುತ್ತಿರುವವನು, ಆ ಟೈಮಿಗೆ ಬರುವ ಹುಡುಗನೇ, ಒಮ್ಮೆ ನೋಡಿದವನು ಮತ್ತೆ ಪ್ರದರ್ಶನದ ಕಡೆ ತಲೆಹಾಕಲಿಲ್ಲ, ಒಂದು ಮಧ್ಯಾಹ್ನ ಪೂರ್ತಿ ಕೂತು ನನ್ನ ವಾಚು ಸರಿಮಾಡಿಕೊಟ್ಟವರು ಕಣೋ ಅವರು, ಎಂದಷ್ಟೇ ಅಂದ, ಅವತ್ತೂ ನಾಚಿಕೆಯಾಗಿತ್ತು, ಆದರೆ ತಡೆದುಕೊಳ್ಳುವಂಥ ನಾಚಿಕೆ.

ಇವತ್ತು ಮಧ್ಯಾಹ್ನ ದೀಪಗಳು ಕಣ್ಣು ಕುಕ್ಕುತ್ತಿದ್ದವು, ಮೂರನೇ ಸಾಲಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ, ಒಬ್ಬರು ಮಾತ್ರ ತಟ್ಟದೆ ತಮ್ಮ ಬಲಗೈಯನ್ನು ಮಗುಚಿ ಮಗುಚಿ ನೋಡಿಕೊಳ್ಳುತ್ತಿದ್ದಾರೆ — ಆಗಲೇ ಗುರುತು ಸಿಕ್ಕಿತ್ತು, ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ, ಇನ್ನೂ ಎರಡು ಏಟು ಸೇರಿಸಿದ, ಕ್ಯಾಮೆರಾ ಓಡುತ್ತಿತ್ತಲ್ಲ, ಥೂ. ಮುಗಿದ ಮೇಲೆ ಆಯೋಜಕಿ ಅಪ್ಪನ ಅದೇ ಕೈ ಕುಲುಕಿ, ಸರ್, ನೀವು ಅವತ್ತು ಹೊಡೀದೇ ಇದ್ದಿದ್ರೆ ನಮಗೆ ಇವರು ಸಿಗ್ತಾನೇ ಇರಲಿಲ್ಲ, ಎಂದಳು, ಅಪ್ಪ ಸಿಕ್ಕಿಬಿದ್ದವರ ಹಾಗೆ ನಕ್ಕರು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿದೆ, ಅಪ್ಪ ಮೆಲ್ಲಗೆ, ಹೊಡೆದಿದ್ನಾ ಮಗಾ, ನನಗೆ ನೆನಪೇ ಇಲ್ಲ ನೋಡು, ಹೊಡೆದಿದ್ರೆ ತಪ್ಪಾಯ್ತು ಕಣೋ. ಇಲ್ಲ ಅಪ್ಪಾ, ನೀವು ಹೊಡೆದೇ ಇಲ್ಲ, ನಾನೇ ಕಟ್ಟಿದ್ದು, ಜನ ನಗಲಿ ಅಂತ — ಹೇಳಿಯೇಬಿಟ್ಟ, ಮುಂದಿನ ಸೀಟಿನ ಹೆಂಗಸು ತಿರುಗಿ ನೋಡುವಷ್ಟು ಜೋರಾಗಿ, ಅಪ್ಪ ಅವನ ಮೊಣಕಾಲು ತಟ್ಟಿದರು, ಬಿಡು, ನನಗೆ ಬೇಜಾರಾಗುತ್ತೆ ಅಂತ ಹೀಗಂತೀಯ, ಅಷ್ಟು ಜನರ ಎದುರು ಅಪ್ಪನ ಮೇಲೆ ಸುಳ್ಳು ಹೇಳೋನಾ ನೀನು. ಹೇಳೋನೇ, ಆರು ವರ್ಷ ಹೇಳಿದೋನೇ, ಆದರೆ ಯಾವ ಬಾಯಿಂದ ಈಗ ನಂಬಿಸುವುದು, ನಾಳೆ ಆ ಭಾಗವನ್ನೇ ತೆಗೆಸಿಬಿಡಬಹುದು, ಅಪ್ಪನ ತಲೆಯೊಳಗಿಂದ ಯಾರು ತೆಗೆಯುತ್ತಾರೆ, ಬಸ್ಸು ಹೊರಟಿತು, ಅಪ್ಪ ಮತ್ತೆ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ, ಮಗುಚುತ್ತಾರೆ, ಅಂಗೈ, ಹಿಂಗೈ, ಅಂಗೈ —