ಹೋಗುವಾಗ ಎಂಟೂಕಾಲು, ಬರುವಾಗ ಒಂಬತ್ತೂಮುಕ್ಕಾಲು

ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಟೈಂಕೀಪರ್ ಆಗಿದ್ದ ಮಾವನವರಿಗೆ ಮನುಷ್ಯರ ಮಾತಿಗಿಂತ ಗಡಿಯಾರದ ಮೇಲೆ ನಂಬಿಕೆ ಹೆಚ್ಚು. ಪಂಕ್ಚರ್, ರೈಲ್ವೆ ಗೇಟ್, ಅಡ್ಡ ಬಂದ ದನ ಎಂದು ಚಾಲಕರು ಹೇಳುವ ನೆಪಗಳನ್ನೆಲ್ಲ ಅವರು ಅರೆದು ಕುಡಿದಿದ್ದರು. ನಿವೃತ್ತರಾದ ಮೇಲೆ ಆ ಕಣ್ಣು ಸೊಸೆಯ ಮೇಲೆ ಬಿತ್ತು.

ಸೊಸೆ ಗಗನಸಖಿ. ವಾರಕ್ಕೊಮ್ಮೆ ಏಳು ಸಾವಿರದ ಇನ್ನೂರು ಕಿಲೋಮೀಟರ್ ದೂರದ ನಗರಕ್ಕೆ ಹೋಗಿ ಬರುತ್ತಿದ್ದಳು.

“ದಾರಿ ಅದೇ, ವಿಮಾನ ಅದೇ. ಹೋಗೋಕೆ ಎಂಟೂಕಾಲು ಗಂಟೆ, ಬರೋಕೆ ಒಂಬತ್ತೂಮುಕ್ಕಾಲು. ಒಂದೂವರೆ ಗಂಟೆ ಎಲ್ಲಿ ಹೋಯ್ತಮ್ಮಾ?”

“ಗಾಳಿ, ಮಾವ. ಹೋಗುವಾಗ ಹಿಂದಿನಿಂದ ತಳ್ಳುತ್ತೆ, ಬರುವಾಗ ಎದುರಿಗೆ ಬೀಸುತ್ತೆ.”

“ಗಾಳಿಯಂತೆ!” ಅವರು ಮಗನತ್ತ ತಿರುಗಿದರು. “ನಮ್ಮ ಡ್ರೈವರ್‌ಗಳು ತೂತು ಬಿದ್ದ ಟೈರಾದ್ರೂ ತಂದು ತೋರಿಸೋರು.”

“ಸುಮ್ನಿರಿ ಅಪ್ಪ” ಎಂದ ಮಗ, ಪೇಪರಿನಿಂದ ತಲೆ ಎತ್ತದೆ.

ಮುಂದಿನ ವಾರ ಅವರು ಯಾರಿಗೂ ಹೇಳದೆ ವಿಮಾನ ನಿಲ್ದಾಣಕ್ಕೆ ಹೋಗಿ, ಸಂದರ್ಶಕರ ಚೀಟಿ ಕೊಂಡು ಒಳಹೊಕ್ಕರು. ವಿಚಾರಣೆಯ ಕಿಟಕಿಯಲ್ಲಿದ್ದ ಹೆಂಗಸು, “ಹೌದು ಸಾರ್, ಎದುರುಗಾಳಿ. ಬರೋ ವಿಮಾನ ಯಾವಾಗ್ಲೂ ಅಷ್ಟೇ ಹೊತ್ತು” ಎಂದಳು. ಅವರ ಮುಖ ಸಪ್ಪಗಾಯಿತು. ಗಾಳಿಯ ಮಾತು ನಿಜವೇ.

ವಿಮಾನ ಮಧ್ಯಾಹ್ನ ಎರಡು ಹತ್ತಕ್ಕೆ ಇಳಿಯಿತು. ಎರಡು ಐವತ್ತಕ್ಕೆ ಸಿಬ್ಬಂದಿ ಹೊರಬಂದರು. ಅಲ್ಲಿಂದ ಮನೆಗೆ ಬಸ್ಸಿನಲ್ಲಿ ನಲವತ್ತು ನಿಮಿಷ. ಆದರೆ ಸೊಸೆ ಮನೆ ಸೇರುತ್ತಿದ್ದುದು ಯಾವಾಗಲೂ ನಾಲ್ಕೂವರೆಗೆ. ಅವರು ಬೆರಳೆಣಿಸಿದರು: ಒಂದು ಗಂಟೆಗೆ ಲೆಕ್ಕವಿಲ್ಲ. ಉಳಿದವರು ಬಾಗಿಲ ಕಡೆ ಹೋದರೆ, ಇವಳೊಬ್ಬಳು ಒಳಗಿನ ಮೆಟ್ಟಿಲು ಹತ್ತಿದಳು.

ಅವರೂ ಹಿಂದೆಯೇ ಹತ್ತಿ ಕಂಬದ ಮರೆಯಲ್ಲಿ ನಿಂತರು. ಸೊಸೆ ಮೂಲೆಯ ಬೆಂಚಿನಲ್ಲಿ ಕೂತು, ಬೂಟು ಕಳಚಿ, ಕಾಲನ್ನು ಪೆಟ್ಟಿಗೆಯ ಮೇಲಿಟ್ಟಳು. ಫೋನ್ ಮುಟ್ಟಲಿಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಈಗ ಬರುತ್ತಾನೆ, ಇನ್ನೇನು ಬಂದ ಎಂದು ಅವರು ಮೆಟ್ಟಿಲನ್ನೇ ನೋಡಿದರು. ಒಂದು ನರಪಿಳ್ಳೆಯೂ ಬರಲಿಲ್ಲ.

“ಮಾವ, ಕಾಲು ನೋಯ್ತಿರಬೇಕು. ಬನ್ನಿ, ಕೂತ್ಕೊಳ್ಳಿ.” ಅವಳು ಎದುರಿನ ಗಾಜಿನಲ್ಲಿ ಅವರನ್ನು ನೋಡುತ್ತಿದ್ದಳು.

ಅವರು ಕಳ್ಳನಂತೆ ಹೊರಬಂದರು. ಆದರೂ ಬಿಡಲಿಲ್ಲ. “ಯಾರಿಗೆ ಕಾಯ್ತಿದ್ದೀಯ?”

“ಯಾರಿಗೂ ಇಲ್ಲ. ಹತ್ತು ಗಂಟೆ ಮುನ್ನೂರು ಜನಕ್ಕೆ ನಗ್‌ನಗ್ತಾ ಉತ್ತರ ಕೊಟ್ಟಿರ್ತೀನಿ. ಮನೆಗೆ ಬಂದ್ರೆ ಬಾಗಿಲಲ್ಲೇ ನೀವು. ಮಧ್ಯೆ ಒಂದು ಗಂಟೆ ಬಾಯಿ ಮುಚ್ಕೊಂಡು ಕೂರ್ತೀನಿ.”

ಟ್ರಿಪ್ ಮುಗಿಸಿದ ಚಾಲಕರು ಇಂಜಿನ್ ಆರಿಸಿ, ಟೈಂಕೀಪರ್ ಕಿಟಕಿಗೆ ಬರುವ ಮೊದಲು ಸೀಟಿನಲ್ಲೇ ಸುಮ್ಮನೆ ಕೂರುತ್ತಿದ್ದುದು ಅವರಿಗೆ ನೆನಪಾಯಿತು. ಅದನ್ನೂ ಅವರು ‘ತಡ’ ಎಂದೇ ಬರೆಯುತ್ತಿದ್ದರು.

ಪ್ರತಿ ವಾರವೂ ಇಲ್ಲೇನಾ, ಒಬ್ಬಳೇನಾ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಅವಳ ಪಕ್ಕದಲ್ಲಿ ಕೂತರು. ನಾಲ್ಕಕ್ಕೆ ಹತ್ತು ನಿಮಿಷ ಇರುವವರೆಗೂ ಇಬ್ಬರೂ ಮಾತಾಡಲಿಲ್ಲ.

ಅಂದಿನಿಂದ ಸೊಸೆ ಬರುವ ಹೊತ್ತಿಗೆ ಅವರು ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟರು. ಹಿಂದಿನ ಕೋಣೆಯಲ್ಲಿ ಕೂತು, ಚಿಲಕದ ಸದ್ದಿಗೆ ಕಿವಿಗೊಡುತ್ತಿದ್ದರು, ಅಷ್ಟೇ.